ಜಯದೇವ ಬಂದನೋ, ಬಂತೋ?

ಬನ್ನೇರುಘಟ್ಟ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರು ‘ಜಯದೇವ ಬಂತು, ಇಳಿಯೋರು ಮುಂದೆ ಬನ್ನಿ’ ಎಂದು ಕೂಗಿದರೆ ‘ಯಾವ ಜಯದೇವ?’ ಎಂದು ಯಾರೂ ತಿರುಗಿ ನೋಡುವುದಿಲ್ಲ. ಬಂದದ್ದು ಮನುಷ್ಯನಲ್ಲ, ಹೃದ್ರೋಗದ ಆಸ್ಪತ್ರೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ತಿಳಿಸಿದ್ದು ಹೆಸರಲ್ಲ. ‘ಬಂತು’ ಎಂಬ ಕ್ರಿಯಾಪದ. ‘ಜಯದೇವನಿಗೆ ಕೊಟ್ಟರು’ ಎಂದರೆ ವ್ಯಕ್ತಿ, ‘ಜಯದೇವಕ್ಕೆ ಸೇರಿಸಿದರು’ ಎಂದರೆ ಆಸ್ಪತ್ರೆ. ಒಂದು ವಿಭಕ್ತಿ ಪ್ರತ್ಯಯದಲ್ಲಿ ವ್ಯಕ್ತಿ ಮತ್ತು ಸಂಸ್ಥೆ ಬೇರೆಯಾಗಿಬಿಡುತ್ತವೆ.

ಇದು ಕನ್ನಡಕ್ಕೆ ಒದಗಿದ ಅನುಕೂಲ. ಹಿಂದಿಯಲ್ಲಿ ಕುರ್ಚಿ ಸ್ತ್ರೀಲಿಂಗ, ಮನೆ ಪುಲ್ಲಿಂಗ. ಸಂಸ್ಕೃತದಲ್ಲಿ ಹೆಂಡತಿ ಎಂಬ ಒಂದೇ ಅರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ! ಕನ್ನಡದಲ್ಲಿ ಮಾತ್ರ ಲಿಂಗವು ಸಾಮಾನ್ಯವಾಗಿ ಅರ್ಥವನ್ನೇ ಅನುಸರಿಸುತ್ತದೆ. ಗಂಡಸು ಬಂದ, ಹೆಂಗಸು ಬಂದಳು, ಕಚೇರಿಯಿಂದ ಕಾಗದ ಬಂತು. ಮನುಷ್ಯರ ಹೆಸರನ್ನೇ ಹೊತ್ತ ಸಂಸ್ಥೆಯೂ ಮಾತಿಗೆ ಬಂದೊಡನೆ ನಪುಂಸಕಲಿಂಗದ ಸಾಲಿಗೆ ಸೇರುತ್ತದೆ.

ಆದರೆ ಮೊಬೈಲಿನ ವಿಳಾಸಪಟ್ಟಿಯಲ್ಲಿ ಕ್ರಿಯಾಪದವಿಲ್ಲ, ವಿಭಕ್ತಿಯೂ ಇಲ್ಲ. ಅಲ್ಲಿರುವುದು ಬರೀ ಹೆಸರು, ನಂಬರು. ಹಾಗಿದ್ದಾಗ ಒಂದು ಹೆಸರು ಮನುಷ್ಯನದೋ ಸಂಸ್ಥೆಯದೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಕೇಳಲು ಕ್ಷುಲ್ಲಕವೆನಿಸುವ ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ಗಣಕಲೋಕಕ್ಕೆ ಸುಮಾರು 15 ವರ್ಷ ಬೇಕಾಯಿತು. ಇಂದು ಖಾಸಗಿ ಮಾಹಿತಿಯ ರಕ್ಷಣೆಯ ಕಾನೂನಿನ ತನಕ ಅದರ ಬೇರುಗಳು ಚಾಚಿವೆ.

ಮೂರಕ್ಷರಗಳ ಒಗಟು

ಹೆಸರನ್ನು ನೋಡಿಯೇ ಹೇಳಬಹುದಲ್ಲ ಎನ್ನುವವರು ದಕ್ಷಿಣ ಬೆಂಗಳೂರನ್ನು ಒಂದು ಸುತ್ತು ಹಾಕಬೇಕು. ಇಲ್ಲಿ ಎಲ್ಲೆಲ್ಲೂ ಇನಿಷಿಯಲ್‌ಗಳೇ. ಬಸವನಗುಡಿಯ ಬಿ.ಎಂ.ಎಸ್. ಎಂದರೆ ಒಬ್ಬ ವ್ಯಕ್ತಿ: 1946ರಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಬಿ.ಎಂ. ಶ್ರೀನಿವಾಸಯ್ಯನವರು. ಅಲ್ಲಿಂದ ಜಯನಗರದತ್ತ ಬಂದರೆ ಆರ್.ವಿ. ರಸ್ತೆ. ಈ ಆರ್.ವಿ. ಯಾವ ಮಹನೀಯರೂ ಅಲ್ಲ; ರಾಷ್ಟ್ರೀಯ ವಿದ್ಯಾಲಯ ಎಂಬ ಶಿಕ್ಷಣ ಸಂಸ್ಥೆ. ಜೆ.ಪಿ. ನಗರದ ಜೆ.ಪಿ. ಮತ್ತೆ ಮನುಷ್ಯರೇ, ಜಯಪ್ರಕಾಶ ನಾರಾಯಣ್. ಪಕ್ಕದ ಬಿ.ಟಿ.ಎಂ. ಬಡಾವಣೆಯ ಬಿ.ಟಿ.ಎಂ. ಅವರನ್ನು ಹುಡುಕಿಕೊಂಡು ಹೋದರೆ ಸಿಗುವುದು ಮೂರು ಹಳ್ಳಿಗಳು: ಬೈರಸಂದ್ರ, ತಾವರೆಕೆರೆ, ಮಡಿವಾಳ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಯಾವುದೋ ಊರಿನ ಯಾರದೋ ಮಗ ರಾಮಯ್ಯನೆಂದು ಹೊರಗಿನವರು ಊಹಿಸಿದರೆ ಆಶ್ಚರ್ಯವಿಲ್ಲ. ಅದು ಮಾವಳ್ಳಿ ಟಿಫಿನ್ ರೂಮ್.

ಜಯನಗರ ಮೂರನೇ ಬ್ಲಾಕಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಹೆಸರಂತೂ ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದೆ. ಮೊದಲ ಮೂರು ಅಕ್ಷರಗಳು ನಾಗರತ್ನಮ್ಮ ಮೇಡಾ ಕಸ್ತೂರಿರಂಗ ಶೆಟ್ಟಿ ಎಂಬ ಹೆಸರಿನವು. ಕೊನೆಯ ಎರಡು ರಾಷ್ಟ್ರೀಯ ವಿದ್ಯಾಲಯದವು. ಇನ್ನು ಬನಶಂಕರಿ? ಅದು ದೇವಿಯ ಹೆಸರು, ದೇವಸ್ಥಾನದ ಹೆಸರು, ಬಡಾವಣೆಯ ಹೆಸರು, ಎಷ್ಟೋ ಮನೆಗಳ ಹೆಣ್ಣುಮಕ್ಕಳ ಹೆಸರು. ಅಕ್ಷರಗಳನ್ನು ಎಷ್ಟು ತಿರುಗಿಸಿ ನೋಡಿದರೂ ಉತ್ತರ ಅವುಗಳಲ್ಲಿಲ್ಲ.

ಕಾಗದದ ಕಾಲದ ಉಪಾಯ

ಕಾಗದದ ಡೈರೆಕ್ಟರಿಗಳಿಗೆ ಈ ಕಷ್ಟ ಅಷ್ಟಾಗಿ ಇರಲಿಲ್ಲ. ಜಗತ್ತಿನ ಮೊದಲ ಟೆಲಿಫೋನ್ ಡೈರೆಕ್ಟರಿ ಎನ್ನಲಾಗುವ ಪಟ್ಟಿ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ 1878ರ ಫೆಬ್ರವರಿ 21ರಂದು ಹೊರಬಂತು. ಒಂದೇ ಹಾಳೆ, 50 ಚಂದಾದಾರರು. ಅದರಲ್ಲಿ ಫೋನ್ ನಂಬರುಗಳೇ ಇರಲಿಲ್ಲ. ಆಪರೇಟರಿಗೆ ಹೆಸರು ಹೇಳಿದರೆ ಸಾಕಿತ್ತು. ಆದರೆ ವಿಂಗಡಣೆ ಮಾತ್ರ ಇತ್ತು: ಮನೆಗಳು ಒಂದು ಕಡೆ, ವೈದ್ಯರು ಒಂದು ಕಡೆ, ಅಂಗಡಿ ಮತ್ತು ಕಾರ್ಖಾನೆಗಳು ಇನ್ನೊಂದು ಕಡೆ. ನಂಬರು ಹುಟ್ಟುವುದಕ್ಕೆ ಮೊದಲೇ ‘ಇದು ಮನೆ, ಇದು ಅಂಗಡಿ’ ಎಂಬ ಭೇದ ಹುಟ್ಟಿತ್ತು! ಮುಂದೆ ಬಿಳಿ ಹಾಳೆ, ಹಳದಿ ಹಾಳೆಗಳು ಬಂದು ಈ ಭೇದಕ್ಕೆ ಬಣ್ಣವನ್ನೂ ಕೊಟ್ಟವು.

ಕಾಗದದಲ್ಲಿ ಹೆಸರು ಯಾವ ಪುಟದಲ್ಲಿದೆ ಎಂಬುದೇ ಒಂದು ಮಾಹಿತಿ. ಗಣಕದಲ್ಲಿ ಪುಟವಿಲ್ಲ. ಅಲ್ಲಿ ಬಾಯಿಬಿಟ್ಟು ಹೇಳದ ಹೊರತು ಏನೂ ಗೊತ್ತಾಗದು.

ಗಣಕದ ಡೈರೆಕ್ಟರಿಗೆ ಮೊದಲ ದೊಡ್ಡ ನಕ್ಷೆ ಬರೆದವರಿಗೆ ಇದು ತಿಳಿದಿತ್ತು. ದೂರಸಂಪರ್ಕದ ಅಂತರರಾಷ್ಟ್ರೀಯ ಸಮಿತಿಯಾದ ಸಿಸಿಐಟಿಟಿ 1988ರಲ್ಲಿ ಹೊರತಂದ ‘ಎಕ್ಸ್.500’ ಎಂಬ ಮಾನಕದಲ್ಲಿ ವ್ಯಕ್ತಿ ಒಂದು ವರ್ಗ, ಸಂಸ್ಥೆ ಇನ್ನೊಂದು ವರ್ಗ. ಊರು, ಗುಂಪು, ಯಂತ್ರಗಳಿಗೂ ಬೇರೆ ಬೇರೆ ವರ್ಗ. ಯಾವ ನಮೂದು ಯಾವ ವರ್ಗದ್ದೆಂದು ಮೊದಲೇ ಹೇಳಬೇಕಿತ್ತು. ಆದರೆ ಅದರಲ್ಲೊಂದು ಮುಳ್ಳೂ ಇತ್ತು. ‘ವ್ಯಕ್ತಿ’ ವರ್ಗಕ್ಕೆ ಎರಡು ಕಲಂಗಳು ಕಡ್ಡಾಯ: ರೂಢಿಯ ಹೆಸರು ಮತ್ತು ಸರ್‌ನೇಮ್. ಈ ಪದ್ಧತಿಯ ಸರಳ ರೂಪವಾದ ‘ಎಲ್‌ಡ್ಯಾಪ್’ ಲೋಕದ ಕಂಪನಿಗಳಲ್ಲೆಲ್ಲ ಹರಡಿತು. ಸರ್‌ನೇಮಿನ ಕಡ್ಡಾಯವೂ ಅದರ ಜೊತೆಗೇ ಹರಡಿತು.

ಎಲ್ಲರೂ ಮನುಷ್ಯರೇ!

ಎಕ್ಸ್.500 ದೊಡ್ಡ ಸಂಸ್ಥೆಗಳ ವ್ಯವಹಾರ. ಜನಸಾಮಾನ್ಯರ ಜೇಬಿಗೆ ಬಂದದ್ದು ವಿ-ಕಾರ್ಡ್. ವಿಸಿಟಿಂಗ್ ಕಾರ್ಡಿನಲ್ಲಿರುವುದನ್ನು ಗಣಕದಿಂದ ಗಣಕಕ್ಕೆ, ಫೋನಿನಿಂದ ಫೋನಿಗೆ ದಾಟಿಸುವ ಪುಟ್ಟ ಅಕ್ಷರಕಡತ ಇದು. ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ ಕಟ್ಟಿಕೊಂಡ ‘ವರ್ಸಿಟ್’ ಒಕ್ಕೂಟ 1995ರಲ್ಲಿ ಇದನ್ನು ಮುಂದಿಟ್ಟಿತು. 1996ರಲ್ಲಿ 2.1ನೆಯ ಆವೃತ್ತಿ, 1998ರಲ್ಲಿ 3.0 ಆವೃತ್ತಿ ಬಂದವು. ಇಂದು ಮೊಬೈಲಿನಲ್ಲಿ ‘ಕಾಂಟ್ಯಾಕ್ಟ್ ಕಳಿಸು’ ಎಂದಾಗ ಹೋಗುವುದು ಹೆಚ್ಚಾಗಿ ಇದೇ ಕಾರ್ಡು. ಮದುವೆ ಛತ್ರದ ಅಡುಗೆಯವರ ನಂಬರನ್ನು ನೆಂಟರಿಗೆ ದಾಟಿಸುವಾಗಲೂ ಇದೇ ಹೋಗುತ್ತದೆ.

ವಿಸಿಟಿಂಗ್ ಕಾರ್ಡು ಮನುಷ್ಯರು ಮನುಷ್ಯರಿಗೆ ಕೊಡುವಂಥದು. ಆದ್ದರಿಂದ ಕಾರ್ಡಿನ ಒಡೆಯ ಮನುಷ್ಯನೇ ಎಂದು ಅದನ್ನು ರೂಪಿಸಿದವರು ಎಣಿಸಿದರು. ಸಂಸ್ಥೆಗೆ ಒಂದು ಕಲಂ ಇತ್ತು, ನಿಜ. ಆದರೆ ಅದು ಆ ಮನುಷ್ಯ ಕೆಲಸ ಮಾಡುವ ಸಂಸ್ಥೆ. ಸಂಸ್ಥೆಯೇ ಕಾರ್ಡಿನ ಒಡೆಯನಾದರೆ ಅದನ್ನು ಹೇಳುವ ದಾರಿಯೇ ಇರಲಿಲ್ಲ. ಇದಲ್ಲದೆ ಹೆಸರನ್ನು ಐದು ತುಂಡು ಮಾಡಿ ಬರೆಯುವ ಕಲಂ 3.0 ಆವೃತ್ತಿಯವರೆಗೂ ಕಡ್ಡಾಯವಾಗಿತ್ತು: ಮನೆತನದ ಹೆಸರು, ಇಟ್ಟ ಹೆಸರು, ನಡುವಿನ ಹೆಸರುಗಳು, ಮುಂದಿನ ಗೌರವಸೂಚಕ, ಹಿಂದಿನ ಬಿರುದು.

ಈ ಕಲಮಿಗೆ ಗಾಂಧಿಬಜಾರಿನ ಹಳೆಯ ಹೋಟೆಲು ‘ವಿದ್ಯಾರ್ಥಿ ಭವನ’ವನ್ನು ಹಾಕಿ ನೋಡಿ. ಕೊನೆಯ ಪದವೇ ಮನೆತನದ ಹೆಸರು ಎಂಬ ಇಂಗ್ಲಿಷ್ ರೂಢಿಯ ತಂತ್ರಾಂಶಕ್ಕೆ ಅದು ‘ಭವನ’ ಮನೆತನದ ‘ವಿದ್ಯಾರ್ಥಿ’ ಎಂಬ ಮಹಾಶಯ! ಅಕ್ಷರಾನುಕ್ರಮದಲ್ಲಿ ‘ವ’ದಡಿ ಹುಡುಕಿದರೆ ಸಿಗದೆ ‘ಭ’ದಡಿ ಕುಳಿತಿರುತ್ತದೆ.

ಅದೇ ಗಾಂಧಿಬಜಾರಿನ ಡಿ.ವಿ.ಜಿ. ರಸ್ತೆಗೆ ಹೆಸರು ಕೊಟ್ಟವರನ್ನು ಈಗ ಅದೇ ಕಲಮಿಗೆ ಹಾಕಿ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಮ್ಮ ಹೆಸರು. ಹಳೆ ಮೈಸೂರು ಸೀಮೆಯ ಈ ಪದ್ಧತಿಯಲ್ಲಿ ಮನೆತನದ ಹೆಸರೇ ಇಲ್ಲ. ‘ಡಿ. ವಿ. ಗುಂಡಪ್ಪ’ ಎಂದು ಕೊಟ್ಟರೆ ತಂತ್ರಾಂಶ ‘ಗುಂಡಪ್ಪ’ವನ್ನು ಮನೆತನವೆಂದೂ ‘ಡಿ’ಯನ್ನು ಇಟ್ಟ ಹೆಸರೆಂದೂ ತಿಳಿಯುತ್ತದೆ. ಪತ್ರ ಬರೆಯುವ ಯಂತ್ರವಾದರೆ ‘ಡಿಯರ್ ಡಿ’ ಎಂದು ಆರಂಭಿಸುತ್ತದೆ! ಉತ್ತರ ಕರ್ನಾಟಕದ ಪಾಟೀಲರು, ಕುಲಕರ್ಣಿಗಳು ಅಡ್ಡಹೆಸರಿನ ಬಲದಿಂದ ಪಾರಾಗುತ್ತಾರೆ. ಕೋಲಾರ, ಮಂಡ್ಯ, ಹಾಸನದವರು ಸಿಕ್ಕಿಬೀಳುತ್ತಾರೆ.

ವಿಚಿತ್ರವೆಂದರೆ ಹೋಟೆಲು ಮತ್ತು ಹಿರಿಯರು ಎಡವಿದ್ದು ಒಂದೇ ಹೊಸ್ತಿಲಲ್ಲಿ. ಹೋಟೆಲಿಗೆ ಮನೆತನವಿಲ್ಲ, ಏಕೆಂದರೆ ಅದು ಮನುಷ್ಯನಲ್ಲ. ಡಿ.ವಿ.ಜಿ.ಯವರಿಗೆ ಮನೆತನದ ಹೆಸರಿಲ್ಲ, ಏಕೆಂದರೆ ಅವರು ಬೇರೆ ಪದ್ಧತಿಯ ಮನುಷ್ಯರು. ‘ಸರ್‌ನೇಮ್ ಇಲ್ಲದ್ದು ಸಂಸ್ಥೆಯೇ ಇರಬೇಕು’ ಎಂದು ಊಹಿಸುವ ಯಂತ್ರ ಅರ್ಧ ಕರ್ನಾಟಕವನ್ನೇ ಕಂಪನಿ ಮಾಡಿಬಿಡುತ್ತದೆ.

ಊಹೆಯಿಂದ ಘೋಷಣೆಗೆ

ತೊಂದರೆ ಕಂಡಾಗ ಆಯಾ ತಂತ್ರಾಂಶದವರು ತಮ್ಮದೇ ಉಪಾಯ ಹೂಡಿದರು. ಆಪಲ್ ತನ್ನ ವಿಳಾಸ ಪುಸ್ತಕದಲ್ಲಿ ‘ಕಂಪನಿ’ ಎಂಬ ಚೌಕವನ್ನಿಟ್ಟಿತು. ಅದಕ್ಕೆ ಗುರುತು ಹಾಕಿದರೆ ಕಾರ್ಡಿನೊಳಗೆ ಆಪಲ್‌ನದೇ ಒಂದು ವಿಶೇಷ ಸಾಲು ಸೇರುತ್ತಿತ್ತು. ಬೇರೆ ತಂತ್ರಾಂಶ ಆ ಸಾಲನ್ನು ಓದಲೇಬೇಕೆಂಬ ನಿಯಮವಿರಲಿಲ್ಲ. ಇನ್ನೊಂದು ಉಪಾಯ ‘ಎಚ್-ಕಾರ್ಡ್’ನದು. ವಿ-ಕಾರ್ಡನ್ನು ಜಾಲಪುಟಗಳಿಗೆ ಅಳವಡಿಸಲು 2004ರಲ್ಲಿ ಹುಟ್ಟಿದ ಇದರ ನಿಯಮ ಜಾಣತನದ್ದು: ಪೂರ್ಣ ಹೆಸರಿನ ಕಲಮಿನಲ್ಲೂ ಸಂಸ್ಥೆಯ ಕಲಮಿನಲ್ಲೂ ಒಂದೇ ಹೆಸರಿದ್ದರೆ ಅದನ್ನು ಸಂಸ್ಥೆಯೆಂದೇ ತಿಳಿಯಬೇಕು. ‘ವಿದ್ಯಾರ್ಥಿ ಭವನದಲ್ಲಿ ಕೆಲಸ ಮಾಡುವ ವಿದ್ಯಾರ್ಥಿ ಭವನ’ ಎಂದರೆ ಅದು ಭವನವೇ ತಾನೆ! ಜಾಣತನವಿದ್ದರೂ ಇದು ಸುತ್ತುಬಳಸಿನ ದಾರಿ. ಒಂದು ಚುಕ್ಕೆ, ಒಂದು ‘ಲಿಮಿಟೆಡ್’ ಹೆಚ್ಚುಕಡಿಮೆಯಾದರೆ ಲೆಕ್ಕ ತಪ್ಪುತ್ತದೆ.

ನೇರ ಉತ್ತರ ಬಂದದ್ದು 2011ರ ಆಗಸ್ಟ್‌ನಲ್ಲಿ. ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ‘ಆರ್‌ಎಫ್‌ಸಿ 6350’ ಎಂಬ ದಾಖಲೆಯಲ್ಲಿ ವಿ-ಕಾರ್ಡಿನ 4.0 ಆವೃತ್ತಿಯನ್ನು ಪ್ರಕಟಿಸಿತು. ಅದರಲ್ಲಿ ‘ಕೈಂಡ್’, ಎಂದರೆ ‘ಬಗೆ’, ಎಂಬ ಹೊಸ ಸಾಲು ಬಂತು. ಈ ಕಾರ್ಡು ಯಾವ ಬಗೆಯದು? ವ್ಯಕ್ತಿ, ಗುಂಪು, ಸಂಸ್ಥೆ, ಸ್ಥಳ: ನಾಲ್ಕರಲ್ಲಿ ಒಂದನ್ನು ಹೇಳಬಹುದು. ಜೆ.ಪಿ. ವ್ಯಕ್ತಿ, ಆರ್.ವಿ. ಸಂಸ್ಥೆ, ಬಿ.ಟಿ.ಎಂ. ಸ್ಥಳ ಎಂದು ದಕ್ಷಿಣ ಬೆಂಗಳೂರಿನ ಒಗಟುಗಳೆಲ್ಲ ಒಂದೊಂದು ಪದದಲ್ಲಿ ಬಿಡಿಸಿಕೊಂಡವು. ಅದೇ ಆವೃತ್ತಿ ಐದು ತುಂಡಿನ ಹೆಸರನ್ನು ಕಡ್ಡಾಯದಿಂದ ಇಳಿಸಿ, ಪೂರ್ಣ ಹೆಸರೊಂದೇ ಸಾಕೆಂದಿತು. ಹೋಟೆಲಿಗೂ ಹಿರಿಯರಿಗೂ ಒಟ್ಟಿಗೇ ಬಿಡುಗಡೆ! 2024ರ ಮೇ ತಿಂಗಳಲ್ಲಿ ಬಂದ ‘ಜೆಎಸ್‌ಕಾಂಟ್ಯಾಕ್ಟ್’ ಎಂಬ ಹೊಸ ಮಾನಕ ಹೆಸರಿನ ತುಂಡುಗಳು ಯಾವ ಕ್ರಮದಲ್ಲಿ ಬರಬೇಕೆಂಬುದನ್ನೂ ಹೇಳಲು ಅವಕಾಶ ಕೊಟ್ಟಿದೆ.

ಒಂದು ಹಳೆಯ ಅಭ್ಯಾಸ ಮಾತ್ರ ಉಳಿದಿದೆ. ‘ಕೈಂಡ್’ ಸಾಲನ್ನು ಬರೆಯದೆ ಬಿಟ್ಟರೆ ಕಾರ್ಡು ವ್ಯಕ್ತಿಯದೆಂದೇ ಭಾವಿಸಬೇಕು ಎನ್ನುತ್ತದೆ ನಿಯಮ. ಸುಮ್ಮನಿದ್ದವರೆಲ್ಲ ಮನುಷ್ಯರು!

ನಾಲ್ಕನೆಯ ಅಕ್ಷರ

ಇದೇ ಪ್ರಶ್ನೆಯನ್ನು ನಮ್ಮ ದೇಶದ ಆದಾಯ ತೆರಿಗೆ ಇಲಾಖೆ ಬೇರೆ ರೀತಿಯಲ್ಲಿ ಬಿಡಿಸಿತು. 1961ರ ಆದಾಯ ತೆರಿಗೆ ಕಾಯ್ದೆಯ ಕಣ್ಣಿಗೆ ಕಂಪನಿಯೂ ‘ವ್ಯಕ್ತಿ’ಯೇ. ಅದು ‘ವ್ಯಕ್ತಿ’ ಎಂಬ ಪದದೊಳಗೆ ಏಳು ಬಗೆಗಳನ್ನು ಸೇರಿಸಿತ್ತು: ಮನುಷ್ಯ, ಹಿಂದೂ ಅವಿಭಕ್ತ ಕುಟುಂಬ, ಕಂಪನಿ, ಪಾಲುದಾರಿಕೆ ಸಂಸ್ಥೆ, ಜನರ ಒಕ್ಕೂಟ, ಸ್ಥಳೀಯ ಸಂಸ್ಥೆ, ಕಾನೂನು ಕಲ್ಪಿಸಿದ ಇತರ ವ್ಯಕ್ತಿಗಳು. ಹೀಗೆ ಎಲ್ಲವನ್ನೂ ಒಂದೇ ಪದದಡಿ ತಂದ ಮೇಲೆ ಬಗೆಯನ್ನು ಬೇರೆಯಾಗಿ ಹೇಳಲೇಬೇಕಲ್ಲ? ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ಆ ಕೆಲಸ ಮಾಡುತ್ತದೆ. ‘ಪಿ’ ಇದ್ದರೆ ಮನುಷ್ಯ, ‘ಸಿ’ ಇದ್ದರೆ ಕಂಪನಿ, ‘ಎಚ್’ ಅವಿಭಕ್ತ ಕುಟುಂಬ, ‘ಎಫ್’ ಪಾಲುದಾರಿಕೆ, ‘ಟಿ’ ಟ್ರಸ್ಟು. ಹೆಸರು ಏನೇ ಇರಲಿ, ಹತ್ತು ಅಕ್ಷರಗಳಲ್ಲಿ ನಾಲ್ಕನೆಯದನ್ನು ನೋಡಿದರೆ ಸಾಕು.

ಇಲ್ಲೂ ಸರ್‌ನೇಮ್ ಬಿಟ್ಟಿಲ್ಲ. ಐದನೆಯ ಅಕ್ಷರ ಮನುಷ್ಯರಾದರೆ ಸರ್‌ನೇಮಿನ ಮೊದಲಕ್ಷರ, ಇತರರಾದರೆ ಹೆಸರಿನ ಮೊದಲಕ್ಷರ. ಇನಿಷಿಯಲ್ ಒಪ್ಪದ ಅರ್ಜಿ ನಮೂನೆಯ ಮುಂದೆ ಕುಳಿತು, ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ತಳ್ಳಿ ಸರ್‌ನೇಮ್ ಹುಟ್ಟಿಸಿಕೊಂಡವರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಬ್ಯಾಂಕಿನಲ್ಲಿ ಒಂದು ಹೆಸರು, ಪ್ಯಾನಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಎಂಬ ಪರದಾಟದ ಮೂಲ ಇಲ್ಲಿದೆ.

ತೆರಿಗೆಯ ಈ ಲೆಕ್ಕ ಇನ್ನೊಂದು ಸೂಕ್ಷ್ಮವನ್ನೂ ಎತ್ತಿ ತೋರಿಸುತ್ತದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಬ್ಬರೇ ನಡೆಸುವ ಬಟ್ಟೆ ಅಂಗಡಿಯೊಂದಿದೆ ಎನ್ನಿ. ಬೋರ್ಡಿನ ಮೇಲಿರುವುದು ಅಂಗಡಿಯ ಹೆಸರು. ಗಿರಾಕಿಯ ಫೋನಿನಲ್ಲಿ ಅದು ಸಂಸ್ಥೆ. ಆದರೆ ಒಬ್ಬನೇ ಮಾಲೀಕನ ಅಂಗಡಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವಿಲ್ಲ. ಅದರ ಪ್ಯಾನ್ ಮಾಲೀಕನದೇ, ನಾಲ್ಕನೆಯ ಅಕ್ಷರ ‘ಪಿ’. ಬೋರ್ಡಿನ ಮೇಲಿನ ಮೊಬೈಲ್ ನಂಬರು ಬಹುಶಃ ಮನೆಯವರು ಕರೆಯುವ ನಂಬರೂ ಹೌದು. ಹಾಗಾದರೆ ಅದು ವ್ಯಕ್ತಿಯೋ, ಸಂಸ್ಥೆಯೋ?

ಯಾರ ಗುಟ್ಟು, ಯಾರ ಗುರುತು

ಈ ಪ್ರಶ್ನೆ ಈಗ ಬರೀ ತರ್ಕದ ಮಾತಾಗಿ ಉಳಿದಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಪಾಡುವುದು ಮನುಷ್ಯರಿಗೆ ಸಂಬಂಧಿಸಿದ ಮಾಹಿತಿಯನ್ನು. ಕಂಪನಿಯ ದೂರವಾಣಿಗೆ ಆ ರಕ್ಷಣೆಯಿಲ್ಲ. ಯುರೋಪಿನಲ್ಲಿ 2018ರ ಮೇ 25ರಂದು ಜಾರಿಯಾದ ಜಿಡಿಪಿಆರ್ ಕಾಯ್ದೆಯೂ ಹಾಗೆಯೇ. ಅದರ ಬಿಸಿ ಮೊದಲು ತಟ್ಟಿದ್ದು ಜಾಲತಾಣಗಳ ಹೆಸರು ನೋಂದಣಿಗೆ. ಯಾವ ತಾಣ ಯಾರದೆಂದು ತೋರಿಸುತ್ತಿದ್ದ ‘ಹೂ-ಈಸ್’ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು, ಫೋನು, ವಿಳಾಸಗಳೆಲ್ಲ ಬಯಲಿಗೆ ಕಾಣುತ್ತಿದ್ದವು. ಕಾಯ್ದೆ ಬಂದಾಗ ಮನುಷ್ಯರ ವಿವರಗಳನ್ನು ಮುಚ್ಚಬೇಕಾಯಿತು. ಆದರೆ ಹಳೆಯ ಪಟ್ಟಿಯಲ್ಲಿ ಯಾವುದು ಮನುಷ್ಯ, ಯಾವುದು ಕಂಪನಿ ಎಂದು ನಂಬುವಂತೆ ಗುರುತಿಸಿಟ್ಟಿರಲಿಲ್ಲ. ಪರಿಣಾಮವಾಗಿ ಸಂಸ್ಥೆಗಳ ವಿವರಗಳೂ ದೊಡ್ಡ ಪ್ರಮಾಣದಲ್ಲಿ ತೆರೆಮರೆಗೆ ಸರಿದವು. ಮೋಸದ ತಾಣಗಳ ಹಿಂದೆ ಬಿದ್ದ ತನಿಖೆಗಾರರು ಇದರ ಬಗ್ಗೆ ಗೊಣಗಿದರು. ಎರಡನ್ನೂ ಬೇರ್ಪಡಿಸುವುದನ್ನು ಕಡ್ಡಾಯ ಮಾಡಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆರಂಭದಲ್ಲೇ ಒಂದು ಸಾಲು ಬರೆದಿಟ್ಟಿದ್ದರೆ ಅಷ್ಟು ಚರ್ಚೆ ಬೇಕಾಗುತ್ತಿರಲಿಲ್ಲ.

ಮನುಷ್ಯನಿಗೆ ಗುಟ್ಟು ಬೇಕು, ಸಂಸ್ಥೆಗೆ ಗುರುತು ಬೇಕು. ಫೋನಿನಲ್ಲಿ ಬ್ಯಾಂಕಿನವರಂತೆ, ಪೊಲೀಸರಂತೆ ನಟಿಸಿ ಮುದಿ ದಂಪತಿಗಳ ಉಳಿತಾಯ ದೋಚುವ ಜಾಲಗಳು ಬೆಳೆದಿರುವುದು ಈ ಎರಡನೆಯದರ ಕೊರತೆಯಿಂದ. ಹತ್ತಂಕಿಯ ಮಾಮೂಲು ಮೊಬೈಲ್ ನಂಬರಿನಿಂದ ಕರೆ ಬಂದರೆ ಆಚೆಗಿರುವುದು ಬ್ಯಾಂಕೋ ಬಡಾಯಿಕೋರನೋ ಎಂದು ತಿಳಿಯುವುದು ಹೇಗೆ? 2024ರ ಮೇ ತಿಂಗಳಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಸೇವೆ ಮತ್ತು ವ್ಯವಹಾರದ ಕರೆಗಳಿಗೆಂದೇ 160ರಿಂದ ಆರಂಭವಾಗುವ ಬೇರೆ ಸರಣಿಯನ್ನು ಪ್ರಕಟಿಸಿತು. ಜಾಹೀರಾತು ಕರೆಗಳಿಗೆ 140ರ ಸರಣಿ ಮೊದಲೇ ಇತ್ತು. ವಿ-ಕಾರ್ಡಿಗೆ 2011ರಲ್ಲಿ ಬಂದ ‘ಬಗೆ’ ಇಲ್ಲಿ ನಂಬರಿನ ಹಣೆಯ ಮೇಲೆಯೇ ಕುಳಿತಿದೆ.

ಆ ಬಟ್ಟೆ ಅಂಗಡಿಯ ಮಾಲೀಕರ ಪ್ರಶ್ನೆಗೂ ಇದರಲ್ಲೇ ದಾರಿ ಸಿಗುತ್ತದೆ. ಅಂಗಡಿಗೊಂದು ಕಾರ್ಡು, ತಮಗೊಂದು ಕಾರ್ಡು. ಸಾಧ್ಯವಾದರೆ ಎರಡು ನಂಬರು. ಒಂದಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಊರೆಲ್ಲ ಕರೆಯಬಹುದು. ಇನ್ನೊಂದು ಮನೆಯವರಿಗೆ ಮಾತ್ರ. ಬಗೆ ಹೆಸರಿನೊಳಗೆ ಅಡಗಿರುವ ಗುಣವಲ್ಲ. ಕರೆಯುವವರು ಯಾರನ್ನು ಕೇಳಿಕೊಂಡು ಬಂದರು ಎಂಬುದರ ಮೇಲೆ ನಿಂತದ್ದು. ಅದನ್ನು ಯಂತ್ರ ಊಹಿಸಲಾರದು, ಒಡೆಯನೇ ಹೇಳಬೇಕು.

ಜನ ತಮ್ಮ ಮಟ್ಟಿಗೆ ಇದನ್ನು ಎಂದೋ ಕಂಡುಕೊಂಡಿದ್ದಾರೆ. ಬನಶಂಕರಿಯ ಯಾವ ಮನೆಯ ಫೋನನ್ನು ತೆರೆದು ನೋಡಿದರೂ ಹೆಸರಿನ ಕಲಮಿನಲ್ಲಿ ‘ಪ್ಲಂಬರ್ ಮಂಜು’, ‘ಗ್ಯಾಸ್ ಆಫೀಸು’, ‘ಹಾಲಿನ ಅಂಗಡಿ ಅಣ್ಣ’, ‘ಸ್ಕೂಲ್ ವ್ಯಾನ್’ ಎಂದು ಇದ್ದೇ ಇರುತ್ತದೆ. ಮಾನಕ ಬರೆಯುವವರಿಗಿಂತ ಮೊದಲೇ ಅವರು ಹೆಸರಿನ ಹಿಂದೆ ಮುಂದೆ ಬಗೆಯನ್ನು ಬರೆದಿಟ್ಟುಕೊಂಡಿದ್ದರು.